ಗೋಲಿಯ ಹೊಕ್ಕುಳು ನೋಡಿ

ಹೋದ ವಾರ ಒಬ್ಬ ಕನ್ನಡದ ದಂಪತಿ ಉಪ್ಪಿನಕಾಯಿ ಬಾಟಲಿ ತುಂಬ ಗೋಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ಕ್ಲೀವ್‌ಲ್ಯಾಂಡ್ ಕಡೆ ಹಳೇ ಮನೆ ಕೊಂಡಿದ್ದಾರೆ. ನೆಲಮಾಳಿಗೆಯ ಕಪಾಟಿನಲ್ಲಿ ಈ ಬಾಟಲಿ ಇತ್ತಂತೆ. ಆಕೆ ಆಗಲೇ ಅಷ್ಟನ್ನೂ ಬಣ್ಣದ ಪ್ರಕಾರ ಪುಟ್ಟ ಪುಟ್ಟ ಚೀಲಕ್ಕೆ ಹಾಕಿದ್ದರು. "ಈ ಕೆಂಪಿನದು ಯಾವ ಕಂಪನೀದು ಸರ್?" ಅಂತ ಮೊದಲ ಪ್ರಶ್ನೆ. ನಾನು ಎಲ್ಲ ಚೀಲವನ್ನೂ ಬಿಚ್ಚಿ ಒಂದೇ ತಟ್ಟೆಗೆ ಸುರಿದೆ. ಆಕೆಗೆ ಬೇಜಾರಾಯಿತು ಅಂತ ಕಾಣುತ್ತದೆ.

ಓಹಾಯೊದಲ್ಲಿ ಹಳೇ ಗಾಜಿನ ಸಾಮಾನಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಬಟ್ಟಲಿನ ತಳದಲ್ಲಿ ಕೆಲವು ಸಲ ಕಂಪನಿಯ ಗುರುತು ಸಿಗುತ್ತದೆ. ಗೋಲಿಗೆ ತಳವೇ ಇಲ್ಲವಲ್ಲ! ಬಣ್ಣ ನೋಡಿ ಹೇಳೋಣ ಅಂದರೆ ಅದೂ ಮೋಸ ಮಾಡುತ್ತದೆ. 'ಆಕ್ಸ್‌ಬ್ಲಡ್' ಅಂತ ಒಂದು ಕಡು ಕೆಂಪು ಇದೆ, ಹೆಪ್ಪುಗಟ್ಟಿದ ರಕ್ತದ ಬಣ್ಣ. ಎಷ್ಟೋ ಜನ ಅದನ್ನು ಕಂಡ ಕೂಡಲೇ ಆಕ್ರೋ ಕಂಪನಿ ಅಂದುಬಿಡುತ್ತಾರೆ. ಆದರೆ ಅದಕ್ಕಿಂತ ಮುಂಚೆ ಎಂ. ಎಫ್. ಕ್ರಿಸ್ಟೆನ್‌ಸನ್ ಕಂಪನಿಯೂ ಅದೇ ಬಣ್ಣ ಬಳಸುತ್ತಿತ್ತು.

ಹಾಗಾಗಿ ನಾನು ಮೊದಲು ನೋಡುವುದು ಗೋಲಿಯ ಹೊಕ್ಕುಳನ್ನು. ಬಿಸಿ ಗಾಜನ್ನು ಎಲ್ಲಿ ಕತ್ತರಿಸಿದರೋ ಅಲ್ಲಿ ಒಂದು ಗುರುತು ಉಳಿಯುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚ್ ಇದ್ದರೆ ಸಾಕು.

ಜರ್ಮನಿಯ ಲೌಷಾ ಊರಿನಿಂದ ಶುರು ಮಾಡೋಣ. 1840ರ ದಶಕದಲ್ಲಿ ಅಲ್ಲಿ ಗೋಲಿ ಕತ್ತರಿ ಬಂತು. ಒಂದು ತುದಿಯಲ್ಲಿ ಪುಟ್ಟ ಬಟ್ಟಲಿನಂಥ ಗುಳಿ ಇರುವ ಕತ್ತರಿ ಅದು. ಕೋಡುಬಳೆಗೆ ಹಿಟ್ಟು ಹೊಸೆದ ಹಾಗೆ, ಒಳಗೆ ಬಣ್ಣದ ಎಳೆ ಇಟ್ಟು ಗಾಜಿನ ಉದ್ದ ಕೋಲು ಮಾಡುತ್ತಿದ್ದರು. ಅದನ್ನು ತಿರುಚಿ, ಬಿಸಿ ಇರುವಾಗಲೇ ಆ ಕತ್ತರಿಯಲ್ಲಿ ದುಂಡಗೆ ಮಾಡಿ ತುಂಡರಿಸುತ್ತಿದ್ದರು. ಕೋಲಿನ ತುಂಡು ಅಂದಮೇಲೆ ಎರಡು ತುದಿ ಇರಲೇಬೇಕು ಅಲ್ವಾ? ಎರಡೂ ತುದಿಯಲ್ಲಿ ಒರಟು ಕಲೆ, ಎಳೆಗಳೆಲ್ಲ ಒಂದು ಕಲೆಯಿಂದ ಹೊರಟು ಇನ್ನೊಂದರಲ್ಲಿ ಮುಗಿಯುತ್ತವೆ. ಈ ಕಲೆಗೆ ಪಾಂಟಿಲ್ ಅನ್ನುತ್ತಾರೆ. ಅಷ್ಟು ಕಂಡರೆ ಕೈಯಲ್ಲಿ ಮಾಡಿದ್ದು, ಬಹುಮಟ್ಟಿಗೆ ಜರ್ಮನಿಯದು. ಯಾವ ಮನೆಯವರು ಮಾಡಿದ್ದು ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಚಿನ್ನದ ಪುಡಿಯಂತೆ ಮಿನುಗುವ ಜರ್ಮನ್ ಗೋಲಿಗೆ 'ಲುಟ್ಸ್' ಅಂತ ಹೆಸರು. ಅದು ಅಮೆರಿಕದ ಸ್ಯಾಂಡ್‌ವಿಚ್ ಗಾಜಿನ ಕಾರ್ಖಾನೆಯಲ್ಲಿದ್ದ ನಿಕೊಲಸ್ ಲುಟ್ಸ್ ಎಂಬ ಕುಶಲಕರ್ಮಿಯ ಹೆಸರು. ಅವನ ಕೆಲಸದಲ್ಲಿ ಅಂಥ ಮಿನುಗು ಇತ್ತು ಅಂತ ಸಂಗ್ರಾಹಕರು ಗೋಲಿಗೂ ಅವನ ಹೆಸರು ಅಂಟಿಸಿದರು. ಗೋಲಿ ಬಂದದ್ದು ಜರ್ಮನಿಯಿಂದ. ಮಿನುಗುವುದೂ ಚಿನ್ನವಲ್ಲ, ತಾಮ್ರದ ಕಣ.

ಈಗ ನನಗೆ ತುಂಬ ಇಷ್ಟವಾದ ಭಾಗ, ಓಹಾಯೊದ ಆಕ್ರನ್ ಊರು. ಮಾರ್ಟಿನ್ ಕ್ರಿಸ್ಟೆನ್‌ಸನ್ ಗಾಜಿನ ಉಂಡೆ ಮಾಡುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಯಂತ್ರ ಅಂದರೂ ಅರ್ಧ ಕೆಲಸ ಕೈಯದೇ. ಕೆಲಸಗಾರ ಕಬ್ಬಿಣದ ಸಲಾಕೆಯ ತುದಿಗೆ ಕರಗಿದ ಗಾಜನ್ನು ಸುತ್ತಿ ತರುತ್ತಿದ್ದ. ಅದು ಜೋತು ಬೀಳುವಾಗ ಕತ್ತರಿಸಿದರೆ, ಮುದ್ದೆ ಯಂತ್ರಕ್ಕೆ ಬಿದ್ದು ಉರುಳಿ ದುಂಡಗಾಗುತ್ತಿತ್ತು. ಸಲಾಕೆ ತಿರುಗಿಸುವ ಮಣಿಕಟ್ಟಿನ ಚಲನೆ ಗಾಜಿನಲ್ಲಿ ಹಾಗೇ ಉಳಿದಿದೆ. ಗೋಲಿಯ ತಲೆಯ ಮೇಲೆ ಬಿಳಿ ಎಳೆ 9ರ ಆಕಾರದಲ್ಲಿ ಸುತ್ತಿಕೊಂಡಿರುತ್ತದೆ (ಕನ್ನಡದ ೯ ಅಲ್ಲ ಮತ್ತೆ!). ಎದುರು ತುದಿಯಲ್ಲಿ, ಕತ್ತರಿಸಿದ ಜಾಗದಲ್ಲಿ, ಪುಟ್ಟ ಬಾಲ. 9 ಮತ್ತು ಬಾಲ ಎರಡೂ ಸ್ಪಷ್ಟವಾಗಿದ್ದರೆ ನಾನು ಮೊದಲು ನೆನೆಯುವ ಹೆಸರು ಎಂ. ಎಫ್. ಕ್ರಿಸ್ಟೆನ್‌ಸನ್. ಈ ಕಂಪನಿ 1917ರಲ್ಲಿ ನಿಂತುಹೋಯಿತು. ಯುದ್ಧಕಾಲದಲ್ಲಿ ಕುಲುಮೆಗೆ ಗ್ಯಾಸ್ ಸಿಗಲಿಲ್ಲ.

ಆಕ್ರೋ ಅಗೇಟ್ ಶುರುವಾದದ್ದೂ ಆಕ್ರನ್‌ನಲ್ಲೇ. ಮೊದಮೊದಲು ಅವರು ತಾವೇ ಗೋಲಿ ಮಾಡುತ್ತಿರಲಿಲ್ಲ, ಕ್ರಿಸ್ಟೆನ್‌ಸನ್ ಗೋಲಿಯನ್ನೇ ಕೊಂಡು ತಮ್ಮ ಡಬ್ಬಿಗೆ ತುಂಬಿ ಮಾರುತ್ತಿದ್ದರು. ಅದಕ್ಕೇ ನಾನು ಡಬ್ಬಿಯನ್ನು ಪೂರ್ತಿ ನಂಬುವುದಿಲ್ಲ. 1914ರಲ್ಲಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋದರು. ಅಲ್ಲಿ ಗ್ಯಾಸೂ ಇತ್ತು, ಗಾಜಿಗೆ ಬೇಕಾದ ಒಳ್ಳೇ ಮರಳೂ ಇತ್ತು. ಅದೇ ಹೊತ್ತಿಗೆ ಮಹಾಯುದ್ಧದಿಂದಾಗಿ ಜರ್ಮನ್ ಗೋಲಿ ಬರುವುದು ನಿಂತಿತು. ಆಕ್ರೋಗೆ ಮಾರುಕಟ್ಟೆ ಸುಮ್ನೆ ಸಿಕ್ಕ ಹಾಗಾಯಿತು. ಇವರ ಗುರುತು 'ಕಾರ್ಕ್‌ಸ್ಕ್ರೂ'. ಇಳಿಯುವ ಗಾಜು ತಿರುಗುತ್ತಾ ಇಳಿದದ್ದರಿಂದ ಬಣ್ಣದ ಪಟ್ಟಿ ಒಂದು ತುದಿಯಲ್ಲಿ ಹುಟ್ಟಿ, ಗೋಲಿಯನ್ನು ಸುತ್ತಿ, ಇನ್ನೊಂದು ತುದಿಗೆ ಮುಟ್ಟುತ್ತದೆ. ಬುಗುರಿಗೆ ಚಾಟಿ ಸುತ್ತಿದ ಹಾಗೆ. ಪಟ್ಟಿಯ ಮೇಲೆ ಉಗುರಿಟ್ಟು ಹಿಂಬಾಲಿಸಿ. ಮಧ್ಯೆ ಕಡಿಯದೆ ತುದಿಯಿಂದ ತುದಿಗೆ ಹೋದರೆ ಧೈರ್ಯವಾಗಿ ಆಕ್ರೋ ಅನ್ನಬಹುದು.

ಇನ್ನೊಂದು ಗೊಂದಲ ಇದೆ. ಕ್ರಿಸ್ಟೆನ್‌ಸನ್ ಅಗೇಟ್ ಅಂತ ಬೇರೆಯೇ ಕಂಪನಿ ಇತ್ತು, ಮಾರ್ಟಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. 1925ರಲ್ಲಿ ಓಹಾಯೊದ ಪೇನ್‌ನಲ್ಲಿ ಶುರುವಾಗಿ, ಕೇಂಬ್ರಿಜ್‌ಗೆ ಹೋಗಿ, 1933ಕ್ಕೆ ಮುಚ್ಚಿತು. ಬದುಕಿದ್ದೇ ಕಡಿಮೆ ದಿನ, ಹಾಗಾಗಿ ಬೆಲೆ ಜಾಸ್ತಿ. ಕಣ್ಣು ಕುಕ್ಕುವ ಬಣ್ಣಗಳು. ಮೈತುಂಬ ಬಣ್ಣದ ಚುಕ್ಕೆ ಎರಚಿದ 'ಗಿನಿ' ಇವರದೇ. ಅದಕ್ಕೆ ಇರುವ ಬೆಲೆಗೆ ಹೊಸ ನಕಲುಗಳೂ ಬಂದಿವೆ. ಫೋಟೋ ನೋಡಿ ಗಿನಿ ಕೊಳ್ಳಬೇಡಿ.

ನೇರಳಾತೀತ ಟಾರ್ಚ್ ಬಗ್ಗೆ ತುಂಬ ಜನ ಕೇಳುತ್ತಾರೆ. ಕತ್ತಲಲ್ಲಿ ಹಸಿರು ಹೊಳೆದರೆ ಗಾಜಿನಲ್ಲಿ ಯುರೇನಿಯಂ ಇರಬಹುದು, ಮ್ಯಾಂಗನೀಸ್ ಕೂಡ ಮಂದವಾಗಿ ಹೊಳೆಯುತ್ತದೆ. ಚೆಂದ ಕಾಣುತ್ತದೆ, ಆದರೆ ತಯಾರಕರ ಹೆಸರು ಮಾತ್ರ ಹೇಳುವುದಿಲ್ಲ.

ಊರಿನಿಂದ ಬರುವ ಫೋಟೋಗಳಲ್ಲಿ ಜಾಸ್ತಿ ಇರುವುದು ಎರಡು ಬಗೆ. ಒಂದು, ಒಳಗೆ ಎಲೆಯಂತೆ ಬಣ್ಣ ಇರುವ ಬೆಕ್ಕಿನ ಕಣ್ಣು. 1950ರ ದಶಕದ ಆರಂಭದಲ್ಲಿ ಜಪಾನಿನಿಂದ ಅಮೆರಿಕಕ್ಕೆ ಬಂದು ಅಲ್ಲಿಯ ಕಂಪನಿಗಳಿಗೆ ಹೊಡೆತ ಕೊಟ್ಟದ್ದು ಇದೇ ಮಾದರಿ. ಇನ್ನೊಂದು, ಒಂದೇ ಬಣ್ಣದ ತಿಳಿ ಹಸಿರು ಗೋಲಿ. ಅಜ್ಜನ ಕಾಲದ್ದು, ಭಾರಿ ಬೆಲೆ ಇರಬೇಕು ಅಂತ ಬರೆದಿರುತ್ತಾರೆ. ಅದು ಬಹುಪಾಲು ಗೋಲಿ ಸೋಡಾ ಬಾಟಲಿಯದು. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ಮಾಡಿದ ಬಾಟಲಿ ಅದು. ಒಳಗಿನ ಗ್ಯಾಸ್ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಬಾಟಲಿ ಉಳಿಸಿಕೊಂಡಿದ್ದರೆ ಚೆನ್ನಾಗಿತ್ತು ಅಂತ ಉತ್ತರ ಬರೆಯುತ್ತೇನೆ.

ನಾನೂ ಮೋಸ ಹೋಗಿದ್ದೇನೆ. ಶುರುವಿನಲ್ಲಿ ಒಬ್ಬ ವ್ಯಾಪಾರಿಯಿಂದ ಫಳಫಳ ಹೊಳೆಯುವ ಜರ್ಮನ್ ಗೋಲಿ ಕೊಂಡೆ. ಮನೆಗೆ ಬಂದು ನೋಡಿದರೆ ಪಾಂಟಿಲ್ ಎರಡೂ ಮಾಯ. ಚಕ್ಕೆ ಎದ್ದದ್ದನ್ನು ಮುಚ್ಚಲು ಯಾರೋ ಇಡೀ ಗೋಲಿಯನ್ನು ಉಜ್ಜಿ ಪಾಲಿಶ್ ಮಾಡಿದ್ದರು. ಜೊತೆಗೆ ಗುರುತೂ ಹೋಗಿತ್ತು. ಈಗಲೂ ಮೇಜಿನ ಮೇಲಿದೆ, ಕಾಗದದ ಮೇಲೆ ಭಾರ ಇಡುವುದಕ್ಕೆ.

ದಂಪತಿಯ ಬಾಟಲಿಯಲ್ಲಿ ಮೂರು ಕಾರ್ಕ್‌ಸ್ಕ್ರೂ ಸಿಕ್ಕವು, ಒಂದು 9. ಉಳಿದದ್ದರಲ್ಲಿ ಹೆಚ್ಚಿನವು ಬೆಕ್ಕಿನ ಕಣ್ಣು. ಆ ಕೆಂಪು ಗೋಲಿಗೆ ಬಿಳಿ ಪಟ್ಟಿ ಇತ್ತು, ಎದುರುಬದುರಾಗಿ ಹೊಲಿಗೆಯಂಥ ಎರಡು ಗೆರೆ. ಇಲಿನಾಯ್ ರಾಜ್ಯದ ಒಟ್ಟಾವಾದ ಪೆಲ್ಟಿಯರ್ ಇರಬಹುದು, ಮಾರ್ಬಲ್ ಕಿಂಗ್ ಇರಬಹುದು. ಪೆಲ್ಟಿಯರ್ ಗೋಲಿ ಮಾರುತ್ತಿದ್ದ ಬೆರಿ ಪಿಂಕ್, ಅದೇ ಮನೆತನದ ಸೆಲ್ಲರ್ಸ್ ಪೆಲ್ಟಿಯರ್ ಜೊತೆ ಸೇರಿ 1949ರಲ್ಲಿ ಮಾರ್ಬಲ್ ಕಿಂಗ್ ಕಾರ್ಖಾನೆ ಹಾಕಿದ. ಹಾಗಾಗಿ ಇವೆರಡನ್ನು ಬೇರ್ಪಡಿಸುವಾಗ ನನ್ನ ಕೈ ತಡೆಯುತ್ತದೆ. ಚೀಟಿಯಲ್ಲಿ ಎರಡೂ ಹೆಸರು ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದೆ. "ಇಷ್ಟೇನಾ?" ಅಂದರು ಆಕೆ. "ಇಷ್ಟೇ ಮೇಡಂ" ಅಂದೆ.