ಫ್ಲೈಯಿಂಗಾ, ಗ್ರೌಂಡ್ ಡ್ಯೂಟಿಯಾ? ಫಾರಂ ತುಂಬುವ ಮುಂಚೆ ಒಂದಿಷ್ಟು ಮಾತು

ಎಎಫ್‌ಕ್ಯಾಟ್‌ಗೆ, ಅಂದರೆ ವಾಯುಪಡೆಗೆ ಅಧಿಕಾರಿಗಳನ್ನು ಆರಿಸುವ ಪ್ರವೇಶ ಪರೀಕ್ಷೆಗೆ, ಓದುತ್ತಿರುವ ಹಾಸನದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದಾಗ ಹೇಳುವುದು ಹೆಚ್ಚುಕಮ್ಮಿ ಒಂದೇ. "ಸರ್, ಫಸ್ಟ್ ಪ್ರಿಫರೆನ್ಸ್ ಫ್ಲೈಯಿಂಗ್. ಸಿಗಲಿಲ್ಲ ಅಂದ್ರೆ ಗ್ರೌಂಡ್ ಡ್ಯೂಟಿ." ಅಲ್ಲೇ ನನ್ನ ತಕರಾರು ಶುರು. ನಾನು ವಾಯುಪಡೆಯ ಟೆಕ್ನಿಕಲ್ ಬ್ರಾಂಚಿನಲ್ಲಿ ಇದ್ದವನು. ವಿಮಾನ ಹಾರಿಸಿಲ್ಲ, ಹಾರಲು ಬಿಟ್ಟುಕೊಟ್ಟಿದ್ದೇನೆ. ಹಾಗಾಗಿ ನನ್ನ ಮಾತು ಸ್ವಲ್ಪ ಒಂದು ಕಡೆ ವಾಲಿದರೆ ಹೊಂದಿಸಿಕೊಂಡು ಓದಿ.

ಮೊದಲು ಆಸೆ ಬದಿಗಿಟ್ಟು ಟೇಪು ಹಿಡಿಯೋಣ. ಪೈಲಟ್ ಆಗಲು ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಬೇಕು. ಅಷ್ಟಿದ್ದರೆ ಆಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆಗಲಿಲ್ಲ. ಕೂತಾಗಿನ ಎತ್ತರ 81.5ರಿಂದ 96 ಸೆಂಟಿಮೀಟರ್ ಒಳಗಿರಬೇಕು, ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64 ದಾಟಬಾರದು. ಕಾಕ್‌ಪಿಟ್ ಅಳತೆ ಬದಲಾಗುವುದಿಲ್ಲ. ಪೆಡಲ್ ಕಾಲಿಗೆ ಸಿಗಬೇಕು, ತಲೆ ಮೇಲಿನ ಗಾಜಿಗೆ ತಾಗಬಾರದು, ಇಜೆಕ್ಟ್ ಆಗುವಾಗ, ಅಂದರೆ ಅಪಾಯದಲ್ಲಿ ಸೀಟಿನ ಸಮೇತ ಹೊರಗೆ ಚಿಮ್ಮುವಾಗ, ಮಂಡಿ ಮುಂದಿನ ಪ್ಯಾನೆಲ್‌ಗೆ ಬಡಿಯಬಾರದು. ಆರಡಿ ದಾಟಿದ ಒಳ್ಳೆ ಮೈಕಟ್ಟಿನ ಹುಡುಗ ತೊಡೆ ಉದ್ದ ಆಯಿತು ಅಂತ ವಾಪಸ್ ಬರುವುದುಂಟು. ಅವನ ತಪ್ಪೇನೂ ಇಲ್ಲ, ಓದಿ ಸರಿಮಾಡುವ ವಿಷಯವೂ ಅಲ್ಲ.

ಆಮೇಲೆ ಕಣ್ಣು. ಫ್ಲೈಯಿಂಗ್‌ಗೆ ಮಯೋಪಿಯಾ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಇರುವ ಹಾಗೇ ಇಲ್ಲ. ಬಣ್ಣ ಗುರುತಿಸುವುದರಲ್ಲೂ ಕೊರತೆ ಇರಬಾರದು. ಗ್ರೌಂಡ್ ಬ್ರಾಂಚುಗಳಲ್ಲಿ ಒಂದು ಮಿತಿಯವರೆಗೆ ಕನ್ನಡಕ ನಡೆಯುತ್ತದೆ. ಕೋಚಿಂಗ್ ಫೀಸ್ ಕಟ್ಟುವ ಮುಂಚೆ ಊರಲ್ಲೇ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಬಣ್ಣದ ಚುಕ್ಕಿಯ ಪುಸ್ತಕ ಸಹಿತ ಪೂರ್ತಿ ಪರೀಕ್ಷೆ ಮಾಡಿಸಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಯಾರೂ ಹೋಗುವುದಿಲ್ಲ, ಎಲ್ಲ ಮುಗಿದ ಮೇಲೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಮೆಡಿಕಲ್‌ಗೆ ನಿಂತಾಗಲೇ ಗೊತ್ತಾಗುವುದು. ಇನ್ನು ಲೇಸರ್ ಮಾಡಿಸುವ ವಿಚಾರ. ದಯವಿಟ್ಟು ಹದಿನೆಂಟಕ್ಕೇ ಓಡಬೇಡಿ. 20 ವರ್ಷಕ್ಕೆ ಮುಂಚೆ ಮಾಡಿಸಿದ್ದನ್ನು ಒಪ್ಪುವುದಿಲ್ಲ. ಮಾಡಿಸಿ 12 ತಿಂಗಳಾದರೂ ಕಳೆದಿರಬೇಕು, ಕಣ್ಣುಗುಡ್ಡೆಯ ಉದ್ದಕ್ಕೂ ಮಿತಿ ಇದೆ.

ಇದಕ್ಕಿಂತ ಮುಂಚೆಯೇ ಒಂದು ಬಾಗಿಲು ಮುಚ್ಚಿರುತ್ತದೆ, ಅದು ಪಿಯುಸಿ. ಫ್ಲೈಯಿಂಗ್‌ಗೆ ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಪಿಯುನಲ್ಲಿ ಶೇ. 50 ಬಂದಿರಬೇಕು. ಆಮೇಲೆ ಡಿಗ್ರಿ ಯಾವುದಾದರೂ ಪರವಾಗಿಲ್ಲ, ಶೇ. 60 ಇದ್ದರೆ ಸಾಕು. ಅಂದರೆ ಪಿಸಿಎಂ ಓದಿ ಬಿಎ ಮಾಡಿದವನು ಪೈಲಟ್ ಆಗಬಹುದು, ಕಾಮರ್ಸ್ ಪಿಯು ಮಾಡಿ ಬಿಕಾಂನಲ್ಲಿ ರ‍್ಯಾಂಕ್ ಬಂದವಳು ಆಗುವಂತಿಲ್ಲ. ಅವಳಿಗೆ ಅಕೌಂಟ್ಸ್, ಲಾಜಿಸ್ಟಿಕ್ಸ್, ಅಡ್ಮಿನಿಸ್ಟ್ರೇಷನ್ ಇವೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ. ವಯಸ್ಸೂ ನೋಡಿಕೊಳ್ಳಿ: ಎಎಫ್‌ಕ್ಯಾಟ್‌ನಲ್ಲಿ ಫ್ಲೈಯಿಂಗ್‌ಗೆ 20ರಿಂದ 24, ಗ್ರೌಂಡ್‌ಗೆ 20ರಿಂದ 26. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದವರಿಗೆ ಮಾತ್ರ ಫ್ಲೈಯಿಂಗ್‌ನಲ್ಲೂ 26.

ಇಷ್ಟೆಲ್ಲ ದಾಟಿದರೂ ಸಿಪಿಎಸ್‌ಎಸ್ ಇದೆ. ಪೈಲಟ್ ಆಯ್ಕೆಗೆ ಅಂತಲೇ ಮಾಡಿದ ಕಂಪ್ಯೂಟರ್ ಪರೀಕ್ಷೆ ಇದು. ಮೀಟರುಗಳನ್ನು ನೋಡಿ ವಿಮಾನ ಯಾವ ಕಡೆ ವಾಲಿದೆ ಅಂತ ಹೇಳಬೇಕು, ಕೈ ಕಾಲು ಕಣ್ಣು ಒಟ್ಟಿಗೆ ಓಡಬೇಕು. ಇದನ್ನು ಬರೆಯುವ ಅವಕಾಶ ಜೀವನದಲ್ಲಿ ಒಂದೇ ಸಲ. ಪಿಯುಸಿ ಆದ ಮೇಲೆ ಸೇರುವ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಮೂಲಕ ಹೋಗಿ ಫೇಲಾದರೆ ನಾಲ್ಕು ವರ್ಷದ ನಂತರ ಎಎಫ್‌ಕ್ಯಾಟ್ ಮೂಲಕ ಬಂದರೂ ಫ್ಲೈಯಿಂಗ್ ಬಾಗಿಲು ತೆರೆಯುವುದಿಲ್ಲ. ವಾಯುಪಡೆಯ ಸೆಲೆಕ್ಷನ್ ಬೋರ್ಡಿನ ಐದು ದಿನದ ಪರೀಕ್ಷೆಗಳಾದರೆ ಹಾಗಲ್ಲ, ಈ ಸಲ ಆಗದಿದ್ದರೆ ವಯಸ್ಸಿರುವವರೆಗೆ ಮತ್ತೆ ಹೋಗಬಹುದು. ಅದಕ್ಕೇ ನಾನು ಹೇಳುವುದು, 'ಸುಮ್ನೆ ಒಂದು ಟ್ರೈ' ಅಂತ ಹಿಂದಿನ ರಾತ್ರಿ ಬಸ್ಸಲ್ಲಿ ನಿದ್ದೆಗೆಟ್ಟು ಮೈಸೂರಿನ ಬೋರ್ಡಿಗೆ ಹೋಗಬೇಡಿ. ಹಾಸನದಿಂದ ಮೈಸೂರು ಎಷ್ಟು ದೂರ ಇದೆ? ಒಂದು ದಿನ ಮುಂಚೆ ಹೋಗಿ ಮಲಗಿ.

ಈಗ ನಿಜವಾದ ವಿಷಯಕ್ಕೆ ಬರೋಣ. ಅರ್ಹತೆ ಎಲ್ಲ ಇದೆ, ಎರಡೂ ಬಾಗಿಲು ತೆರೆದಿವೆ ಅಂತಿಟ್ಟುಕೊಳ್ಳಿ. ಆಗ ಕೇಳಿಕೊಳ್ಳಬೇಕಾದ್ದು ನಿಮ್ಮ ಮಂಗಳವಾರ ಹೇಗಿರಬೇಕು ಅಂತ. ಮಂಗಳವಾರ ಯಾಕೆ ಅಂದರೆ ಅವತ್ತು ಪರೇಡೂ ಇರುವುದಿಲ್ಲ, ಏರ್‌ಶೋನೂ ಇರುವುದಿಲ್ಲ.

ಪೈಲಟ್‌ನ ಮಂಗಳವಾರ ಬೆಳಕು ಹರಿಯುವ ಮುಂಚೆ ಹವಾಮಾನದ ಬ್ರೀಫಿಂಗ್‌ನಿಂದ ಶುರುವಾಗುತ್ತದೆ. ಹಾರಾಟ ಸುಮಾರು ಒಂದು ಗಂಟೆ ಇರಬಹುದು, ಅದರ ಹಿಂದೆ ಮುಂದೆ ತಯಾರಿ ಮತ್ತು ಡಿಬ್ರೀಫಿಂಗ್ ಅದಕ್ಕಿಂತ ಜಾಸ್ತಿ. ಡಿಬ್ರೀಫಿಂಗ್‌ನಲ್ಲಿ ನಿಮ್ಮ ತಪ್ಪನ್ನು ಎಲ್ಲರ ಮುಂದೆ ಬಿಡಿಸಿ ಹೇಳುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ತಲೆಗೆ ಹಚ್ಚಿಕೊಳ್ಳುವ ಗುಣ ಇರಬೇಕು. ಕೆಲಸ ಸೇರಿದ ಮೇಲೂ ಪರೀಕ್ಷೆಗಳು ಮುಗಿಯುವುದಿಲ್ಲ. ವರ್ಷವರ್ಷ ಮೆಡಿಕಲ್ ಇರುತ್ತದೆ. ಬೆನ್ನು ಹಿಡಿಯಿತು, ಕಿವಿಯಲ್ಲಿ ತೊಂದರೆ ಬಂತು ಅಂದರೆ ಹಾರಾಟ ನಿಲ್ಲುತ್ತದೆ, ಕೆಲವು ಸಲ ತಿಂಗಳುಗಟ್ಟಲೆ. ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಪಿಲಾಟಸ್ ವಿಮಾನದ ಮೇಲೆ ಮೊದಲ ಹಂತ ಕಲಿತ ಮೇಲೆ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ದಾರಿ ಕವಲೊಡೆಯುತ್ತದೆ. ಎಲ್ಲರಿಗೂ ಫೈಟರ್ ಸಿಗುವುದಿಲ್ಲ. ತರಬೇತಿಯ ಮಧ್ಯೆಯೇ ಹಾರಾಟದಿಂದ ಕೈಬಿಡುವುದೂ ಇದೆ. ಹಾಗೆ ಕೈಬಿಟ್ಟವರಲ್ಲಿ ಕೆಲವರು ಗ್ರೌಂಡ್ ಬ್ರಾಂಚಿಗೆ ಬರುತ್ತಾರೆ. ಬಂದವರು ಅದನ್ನು ಸೋಲು ಅಂದುಕೊಂಡಷ್ಟು ದಿನ ಒದ್ದಾಡುತ್ತಾರೆ, ಕೆಲಸ ಹಿಡಿಸಿದ ಮೇಲೆ ಎಷ್ಟೋ ಜನ ನಮಗಿಂತ ಚೆನ್ನಾಗಿ ಮಾಡಿದ್ದನ್ನು ನೋಡಿದ್ದೇನೆ.

ಟೆಕ್ನಿಕಲ್ ಅಧಿಕಾರಿಯ ಮಂಗಳವಾರ ಬೇರೆ ಥರ. ರಾತ್ರಿ ಇಳಿದ ವಿಮಾನದಲ್ಲಿ ಒಂದು ಸ್ನ್ಯಾಗ್, ಅಂದರೆ ದೋಷ, ಬರೆದಿರುತ್ತಾರೆ. ಬೆಳಿಗ್ಗೆ ಆರಕ್ಕೆ ಅದೇ ವಿಮಾನ ಬೇಕು. ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷದ ನೀವು, ನಿಮ್ಮ ಅಪ್ಪನ ವಯಸ್ಸಿನ ವಾರಂಟ್ ಆಫೀಸರ್, ಹತ್ತಾರು ಏರ್‌ಮನ್‌ಗಳು. ಆ ವಾರಂಟ್ ಆಫೀಸರ್‌ಗೆ ಎಂಜಿನ್ ನಿಮಗಿಂತ ಚೆನ್ನಾಗಿ ಗೊತ್ತು, ಆದರೂ ನಿರ್ಧಾರದ ಹೊಣೆ ನಿಮ್ಮದು. ಫಾರ್ಮ್ 700 ಅಂತ ಪ್ರತಿ ವಿಮಾನಕ್ಕೂ ಒಂದು ದಾಖಲೆ ಇರುತ್ತದೆ. ಕೆಲಸ ಮಾಡಿದವರ ಸಹಿಗಳೆಲ್ಲ ಅದರಲ್ಲಿ ಬಿದ್ದ ಮೇಲೆ ಪೈಲಟ್ ಸಹಿ ಹಾಕಿ ವಿಮಾನ ತೆಗೆದುಕೊಳ್ಳುತ್ತಾನೆ. ಅವನು ಎಂಜಿನ್ ಬಿಚ್ಚಿ ನೋಡುವುದಿಲ್ಲ, ಸಹಿ ನೋಡಿ ಹತ್ತುತ್ತಾನೆ. 'ಇವತ್ತು ಈ ವಿಮಾನ ಕೊಡಲ್ಲ' ಅಂತ ಕಮಾಂಡಿಂಗ್ ಆಫೀಸರ್ ಮುಂದೆ ಹೇಳುವ ಗಟ್ಟಿತನ ನಿಮಗಿದ್ದರೆ ಈ ಬ್ರಾಂಚ್ ನಿಮ್ಮದೇ.

ಗ್ರೌಂಡ್ ಅಂದರೆ ಬರೀ ರಿಪೇರಿಯೂ ಅಲ್ಲ. ಫೈಟರ್ ಕಂಟ್ರೋಲರ್ ರಾಡಾರ್ ಮುಂದೆ ಕೂತು ಆಕಾಶದಲ್ಲಿರುವವನಿಗೆ ಶತ್ರು ಎಲ್ಲಿದ್ದಾನೆ ಅಂತ ದಾರಿ ತೋರಿಸುತ್ತಾನೆ. ಹವಾಮಾನ ಅಧಿಕಾರಿ ಉತ್ತರದ ಚಳಿಗಾಲದ ಮಂಜಿನಲ್ಲಿ ಇವತ್ತು ಹಾರಾಟ ಬೇಡ ಅಂದರೆ ಇಡೀ ಸ್ಟೇಷನ್ ಕಿವಿಗೊಡುತ್ತದೆ. 2022ರಲ್ಲಿ ವೆಪನ್ ಸಿಸ್ಟಮ್ಸ್ ಅಂತ ಹೊಸ ಬ್ರಾಂಚೇ ಬಂತು: ಕ್ಷಿಪಣಿ, ಡ್ರೋನ್ ನಡೆಸುವವರು, ಎರಡು ಸೀಟಿನ ವಿಮಾನದಲ್ಲಿ ಹಿಂದೆ ಕೂರುವವರು. ಫ್ಲೈಯಿಂಗ್, ಗ್ರೌಂಡ್ ಅನ್ನುವ ಗೆರೆಯೇ ಈಗ ತೆಳುವಾಗುತ್ತಿದೆ. ನಮ್ಮ ಹಾಸನದ ಇಸ್ರೋ ಕೇಂದ್ರವನ್ನೇ ನೋಡಿ. 1982ರಿಂದ ಇಲ್ಲಿ ಕೂತೇ ಉಪಗ್ರಹಗಳನ್ನು ನಡೆಸುತ್ತಿದ್ದಾರೆ. ಆ ಎಂಜಿನಿಯರ್‌ಗಳನ್ನು 'ಪಾಪ, ಮೇಲೆ ಹೋಗೋಕೆ ಆಗಲಿಲ್ಲ' ಅಂತ ಯಾರಾದರೂ ಅಂತಾರಾ?

ದುಡ್ಡಿನ ಮಾತೂ ಆಗಲಿ, ಮನೆಯಲ್ಲಿ ಕೇಳೇ ಕೇಳುತ್ತಾರೆ. ಮೂಲ ವೇತನ ಇಬ್ಬರಿಗೂ 56,100ರಿಂದ ಶುರು, 15,500 ಮಿಲಿಟರಿ ಸರ್ವಿಸ್ ಪೇ ಇಬ್ಬರಿಗೂ ಇದೆ. ಹಾರುವವರಿಗೆ ಏಳನೇ ವೇತನ ಆಯೋಗ 25,000 ಫ್ಲೈಯಿಂಗ್ ಅಲೋವೆನ್ಸ್ ಇಟ್ಟಿತು. ವ್ಯತ್ಯಾಸ ನಿಜ, ಆದರೆ ಅದನ್ನೇ ನೋಡಿ ಬ್ರಾಂಚ್ ಆರಿಸಬೇಡಿ. ಅದಕ್ಕಿಂತ ಯೋಚಿಸಬೇಕಾದ್ದು ಅವಧಿ. ಶಾರ್ಟ್ ಸರ್ವಿಸ್, ಅಂದರೆ ಸೀಮಿತ ಅವಧಿಯ ನೇಮಕದಲ್ಲಿ ಫ್ಲೈಯಿಂಗ್ 14 ವರ್ಷ, ಗ್ರೌಂಡ್ 10 ವರ್ಷ, ಮೇಲೆ 4 ವರ್ಷ ವಿಸ್ತರಣೆ ಸಿಗಬಹುದು. ಪೆನ್ಷನ್ ಇಲ್ಲ. ಮೂವತ್ತರಿಂದ ನಲವತ್ತರ ಆಸುಪಾಸಿನಲ್ಲಿ ಹೊರಗೆ ಬಂದು ಏನು ಮಾಡುತ್ತೀರಿ ಅನ್ನುವುದಕ್ಕೂ ಈಗಲೇ ಒಂದು ಅಂದಾಜು ಇರಲಿ.

ಈ ವಿಚಾರ ಬಂದಾಗ ನಾನು ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನು ನೆನೆಯುತ್ತೇನೆ. ವಿಜಯಪುರದ ಸೈನಿಕ ಶಾಲೆ, ಎನ್‌ಡಿಎ, ಆಮೇಲೆ ಭೂಸೇನೆ. 1971ರ ಯುದ್ಧ ನೋಡಿದವರು. ಸೇನೆ ಬಿಟ್ಟು ಬಂದು ಜಾವಗಲ್ ಹತ್ತಿರ ಬೇಸಾಯ ಮಾಡಿದರು, 2003ರಲ್ಲಿ ಏರ್ ಡೆಕ್ಕನ್ ಅನ್ನುವ ಕಡಿಮೆ ದರದ ವಿಮಾನ ಸಂಸ್ಥೆ ಶುರುಮಾಡಿದರು. ನೆಲದ ಮೇಲಿನ ಸೈನ್ಯದಿಂದ ಬಂದವರು ಸಾವಿರಾರು ಜನರನ್ನು ಮೊದಲ ಸಲ ವಿಮಾನ ಹತ್ತಿಸಿದರು. ಎಲ್ಲರಿಗೂ ಹಾಗೆ ಆಗುತ್ತದೆ ಅಂತಲ್ಲ. 22ರಲ್ಲಿ ಸಿಕ್ಕ ಬ್ರಾಂಚೇ ಜೀವನ ಪೂರ್ತಿ ಅಂತ ಅಳುತ್ತಾ ಕೂರುವವರಿಗೆ ಹೇಳುತ್ತಿದ್ದೇನೆ, ಅಷ್ಟೇ.

ಕೊನೆಗೆ ಇಂಟರ್ವ್ಯೂ. "ಫ್ಲೈಯಿಂಗ್ ಸಿಗದಿದ್ದರೆ ಬೇರೆ ಬ್ರಾಂಚ್ ತಗೋತೀಯಾ?" ಅಂತ ಕೇಳಬಹುದು. ತಗೊಳ್ಳುವುದಾದರೆ ಆ ಬ್ರಾಂಚಿನ ಕೆಲಸ ಏನು ಅಂತ ಎರಡು ಮಾತು ತಿಳಿದು ಹೋಗಿ, ಅದರ ಹೆಸರೇ ಗೊತ್ತಿಲ್ಲದೆ 'ಯಾವುದಾದರೂ ಓಕೆ ಸರ್' ಅಂದರೆ ಎದುರಿಗಿರುವವರಿಗೆ ತಕ್ಷಣ ಗೊತ್ತಾಗುತ್ತದೆ. ಬೇಡ ಅನ್ನುವುದಾದರೆ ಬೇಡ ಅನ್ನಿ, ಫಾರಂನಲ್ಲೂ ಫ್ಲೈಯಿಂಗ್ ಮಾತ್ರ ತುಂಬಿ. ಮುಂದಿನ ಎಎಫ್‌ಕ್ಯಾಟ್ ಫಾರಂ ಸಾಮಾನ್ಯವಾಗಿ ಜೂನ್, ಡಿಸೆಂಬರ್ ಹೊತ್ತಿಗೆ ಬರುತ್ತದೆ. ಅದಕ್ಕೆ ಮುಂಚೆ ಕಣ್ಣಿನ ಪರೀಕ್ಷೆ ಮುಗಿಸಿ, ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಅಳತೆ ತೆಗೆದು, ಎರಡನ್ನೂ ಬರೆದುಕೊಂಡು ನನ್ನ ಹತ್ತಿರ ಬನ್ನಿ.