ಹಳೆಯ ಟ್ರ್ಯಾಕ್ಟರಿನ ಡೈನಮೋ ಓವರ್ ಚಾರ್ಜ್ ಮಾಡಿದಾಗ

ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದಾಗ ಬ್ಯಾಟರಿಯ ನೀರು ಬೇಗ ಇಳಿಯುವುದು ಸಹಜವೆಂದು ರೈತರು ತಿಳಿಯುತ್ತಾರೆ. ಆದರೆ ಆಳಂದದ ಕಡೆಯ ರೈತರೊಬ್ಬರು ಡೈನಮೋ (ಎಂಜಿನ್ನಿನಿಂದ ತಿರುಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ) ಇರುವ ತಮ್ಮ ಹಳೆಯ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರನ್ನು ತಂದು, "ಮಿಸ್ತ್ರಿ, ಬ್ಯಾಟರಿ ಭಾಳ ನೀರ್ ಕುಡಿಲತದ್ರಿ, ಲೈಟಿನ ಬಲ್ಬೂ ಸುಡಲತಾವ" ಎಂದರು. ನೀರಿನ ಜತೆಗೆ ಬಲ್ಬೂ ಹೋಗುತ್ತಿದ್ದರೆ ಅದು ಬಿಸಿಲಿನ ಕೆಲಸವಲ್ಲ. ವೋಲ್ಟೇಜ್ ಅಂಕೆ ಮೀರಿದೆ ಎಂದೇ ತಿಳಿಯಬೇಕು.

ಆಂಪಿಯರ್ ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲಿದೆ ಎಂಬುದೊಂದನ್ನೇ ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು. ಇಳಿದುಹೋದ ಬ್ಯಾಟರಿಯಾಗಲಿ, ಒಂದು ಸೆಲ್ ಸತ್ತ ಬ್ಯಾಟರಿಯಾಗಲಿ ಹೆಚ್ಚು ಕರೆಂಟನ್ನು ಎಳೆದೇ ಎಳೆಯುತ್ತದೆ. ಆದ್ದರಿಂದ ಮೊದಲು ಆರೂ ಸೆಲ್‌ಗಳನ್ನು ಆಮ್ಲದ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಿಂದ ನೋಡಿ, ಆಮೇಲೆ ಎಂಜಿನ್ ವೇಗ ಏರಿಸಿ ಬ್ಯಾಟರಿಯ ಮೇಲೆ ವೋಲ್ಟ್ ಮೀಟರ್ ಹಿಡಿಯಬೇಕು. 12 ವೋಲ್ಟ್ ವ್ಯವಸ್ಥೆಯಲ್ಲಿ 14ರಿಂದ 14.5ರವರೆಗೆ ಸರಿ, 15 ದಾಟಿ ಅಲ್ಲೇ ನಿಂತರೆ ಓವರ್ ಚಾರ್ಜ್. ಈ ಟ್ರ್ಯಾಕ್ಟರಿನಲ್ಲಿ 16.8 ಇತ್ತು.

ಮುಂದಿನ ಪರೀಕ್ಷೆ ಸುಲಭದ್ದು. ಲೂಕಾಸ್ ಮಾದರಿಯ ಡೈನಮೋದಲ್ಲಿ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಯ ಒಂದು ತುದಿ ಒಳಗೇ ಲೋಹದ ಮೈಗೆ ಸೇರಿರುತ್ತದೆ, ಇನ್ನೊಂದು ತುದಿ ಎಫ್ ಟರ್ಮಿನಲ್ಲಿಗೆ ಬರುತ್ತದೆ. ಡೈನಮೋದ ಎಫ್ ತಂತಿಯನ್ನು ಬಿಚ್ಚಿದೊಡನೆ ಉತ್ಪತ್ತಿ ಕೆಲವೇ ವೋಲ್ಟಿಗೆ ಕುಸಿಯಬೇಕು. ಕುಸಿಯದಿದ್ದರೆ ಡೈನಮೋದ ಒಳಗೇ ಎಫ್ ಮತ್ತು ಡಿ (ಕರೆಂಟು ಹೊರಬರುವ ಟರ್ಮಿನಲ್) ಕೂಡಿಕೊಂಡಿವೆ. ಕುಸಿದರೆ ಡೈನಮೋ ನಿರ್ದೋಷಿ, ದೋಷ ತಂತಿಯಲ್ಲೋ ವೋಲ್ಟೇಜನ್ನು ಅಂಕೆಯಲ್ಲಿಡುವ ರೆಗ್ಯುಲೇಟರಿನಲ್ಲೋ ಇದೆ. ಅಮೆರಿಕದ ಕೆಲವು ಹಳೆಯ ಯಂತ್ರಗಳಲ್ಲಿ ರೆಗ್ಯುಲೇಟರೇ ಫೀಲ್ಡನ್ನು ಅರ್ಥ್ ಮಾಡುತ್ತದೆ, ಎಂದರೆ ಲೋಹದ ಮೈಗೆ ಸೇರಿಸುತ್ತದೆ. ಅಲ್ಲಿ ಎಫ್ ತಂತಿ ಸವೆದು ಲೋಹದ ಮೈಗೆ ತಾಗಿದರೂ ಸಾಕು, ಡೈನಮೋ ಪೂರ್ತಿ ಉತ್ಪತ್ತಿ ಕೊಡತೊಡಗುತ್ತದೆ. ಯಾವ ಮಾದರಿಯೆಂದು ಖಚಿತವಾಗದೆ ಎಫ್ ತಂತಿಯನ್ನು ಎಲ್ಲಿಗೂ ತಾಗಿಸಬೇಡಿ.

ನಮ್ಮಲ್ಲಿ ಇಲ್ಲಿಂದ ಮುಂದೆ ನೇರವಾಗಿ ಹೊಸ ಕಟೌಟ್, ಅಂದರೆ ಕಟೌಟೂ ರೆಗ್ಯುಲೇಟರೂ ಒಟ್ಟಿಗಿರುವ ಪೆಟ್ಟಿಗೆಯನ್ನು, ತರಿಸುವ ರೂಢಿಯಿದೆ. ನನ್ನ ಅನುಭವದಲ್ಲಿ ಅದು ಬಹುಪಾಲು ವ್ಯರ್ಥ ಖರ್ಚು. ಪೆಟ್ಟಿಗೆಯೊಳಗಿನ ರೆಗ್ಯುಲೇಟರಿನ ಸುರುಳಿ ಡಿ ಮತ್ತು ಇ (ಅರ್ಥ್) ಟರ್ಮಿನಲ್‌ಗಳ ನಡುವಿನ ವೋಲ್ಟೇಜನ್ನು ಅಳೆದು, ಅದು ಏರಿದಾಗ ಪಾಯಿಂಟ್ (ಒಂದಕ್ಕೊಂದು ತಾಗಿರುವ ಲೋಹದ ತುದಿಗಳು) ಎಳೆದು ಬಿಡಿಸುತ್ತದೆ. ಆಗ ಫೀಲ್ಡಿನ ಕರೆಂಟು ರೆಸಿಸ್ಟೆನ್ಸಿನ ಮೂಲಕ ಹರಿದು ತಗ್ಗುತ್ತದೆ. ಇ ತಂತಿಯ ಅರ್ಥ್ ಪೂರ್ತಿ ಕಡಿದರೆ ಡೈನಮೋವನ್ನು ಬ್ಯಾಟರಿಗೆ ಸೇರಿಸುವ ಸ್ವಿಚ್ಚಾದ ಕಟೌಟಿನ ಸುರುಳಿಯೂ ಕೆಲಸ ಮಾಡದೆ ಚಾರ್ಜೇ ಆಗುವುದಿಲ್ಲ. ಅರ್ಥ್ ಅರ್ಧಂಬರ್ಧ ಉಳಿದಾಗಲೇ ಅಪಾಯ: ಕಟೌಟ್ ತಡವಾಗಿಯಾದರೂ ಕೂಡಿಕೊಳ್ಳುತ್ತದೆ, ರೆಗ್ಯುಲೇಟರಿಗೆ ಮಾತ್ರ ವೋಲ್ಟೇಜ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಅದು ಪಾಯಿಂಟ್ ಬಿಡಿಸುವಷ್ಟರಲ್ಲಿ ವೋಲ್ಟೇಜ್ ಅಂಕೆ ಮೀರಿರುತ್ತದೆ.

ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಇ ಟರ್ಮಿನಲ್ಲಿಗೂ ಇನ್ನೊಂದನ್ನು ಡೈನಮೋದ ಬರಿಯ ಲೋಹಕ್ಕೂ ಒತ್ತಿ ನೋಡಿದೆ. ಸೊನ್ನೆಗೆ ಹತ್ತಿರವಿರಬೇಕಾದ ಜಾಗದಲ್ಲಿ ಎರಡು ವೋಲ್ಟಿಗಿಂತ ಹೆಚ್ಚು ಬಂತು. ಯುಗಾದಿಗೆ ಗಾಡಿಗೆ ಬಣ್ಣ ಹೊಡೆಸಿದ್ದರಂತೆ. ಇ ತಂತಿ ಬಿಗಿದ ಬೋಲ್ಟನ್ನು ಬಿಚ್ಚಿದಾಗ ವಾಷರಿನ ಅಡಿಯಲ್ಲಿ ಕೆಂಪು ಬಣ್ಣ ಚರ್ಮದಂತೆ ಕೂತಿತ್ತು, ನಡುವೆ ಒಂದು ಗೀರಿನಷ್ಟು ಜಾಗದಲ್ಲಿ ಮಾತ್ರ ಲೋಹ ಹೊಳೆಯುತ್ತಿತ್ತು. ಪಾಲಿಶ್ ಕಾಗದದಿಂದ ಉಜ್ಜಿ, ಇ ಟರ್ಮಿನಲ್ಲಿನಿಂದ ಡೈನಮೋದ ಬೋಲ್ಟಿಗೆ ನೇರವಾಗಿ ಇನ್ನೊಂದು ತಂತಿ ಎಳೆದ ಮೇಲೆ ಮೀಟರು 14.3ಕ್ಕೆ ಇಳಿದು ನಿಂತಿತು. ರೆಗ್ಯುಲೇಟರಿನ ವೋಲ್ಟೇಜ್ ಹೊಂದಿಸುವ ಪಾಯಿಂಟಿನ ಸ್ಕ್ರೂವನ್ನು ನಾನು ಮುಟ್ಟಲೇ ಇಲ್ಲ.