ಮಂಚದ ಕಂಬಿಗೆ ಒಣಹಾಕಿದ ಬೈರಾಸು

ಮಂಗಳೂರು, ಉಡುಪಿ ಕಡೆಯ ಆಸ್ಪತ್ರೆಗಳ ಜನರಲ್ ವಾರ್ಡಿನಲ್ಲಿ ರೋಗಿಯ ಜೊತೆಗೆ ಒಂದು ರಾತ್ರಿ ನಿಂತವರಿಗೆ ಗೊತ್ತು: ಮಂಚದ ಕಂಬಿಯ ಮೇಲೆ ಒಂದು ಬೈರಾಸು, ಅಂದರೆ ಟವೆಲು, ಇದ್ದೇ ಇರುತ್ತದೆ. ರೋಗಿಯ ಬಾಯಿ ಒರೆಸುವುದು ಅದರಲ್ಲೇ, ಗಂಜಿ ಕುಡಿಸಿದವರು ಕೈ ಒರೆಸಿಕೊಳ್ಳುವುದೂ ಅದರಲ್ಲೇ. ನೆಲಕ್ಕೆ ಹೊತ್ತು ಹೊತ್ತಿಗೆ ಫಿನಾಯಿಲ್ ಬೀಳುತ್ತದೆ. ಬೈರಾಸಿನ ಗೊಡವೆ ಯಾರಿಗೂ ಇಲ್ಲ.

ಈ ಗೊಡವೆಗೆ ಹೋದವರು ಬಾಂಗ್ಲಾದೇಶದ ಸಂಶೋಧಕರು. 2013ರ ಡಿಸೆಂಬರಿನಿಂದ 2014ರ ಏಪ್ರಿಲ್‌ವರೆಗೆ ಅಲ್ಲಿ ನಿಫಾ ಎಂಬ, ಬಾವಲಿಯಿಂದ ಬಂದು ಮಿದುಳುಜ್ವರ ತರುವ ವೈರಸ್ ತಗಲಿದ 16 ರೋಗಿಗಳು ಪತ್ತೆಯಾದರು. ಅವರಲ್ಲಿ ಆರು ಮಂದಿಯ ಹಾಸಿಗೆಯ ಸುತ್ತಮುತ್ತಲಿನ ವಸ್ತುಗಳನ್ನು ಹತ್ತಿಕಡ್ಡಿಯಿಂದ ಉಜ್ಜಿ ಪರೀಕ್ಷಿಸಿದಾಗ ಐವರ ಬಳಿ ವೈರಸ್ಸಿನ ವಂಶವಾಹಿ ಎಳೆಯಾದ ಆರ್‌ಎನ್‌ಎ ಸಿಕ್ಕಿತು. ನಾಲ್ವರ ಬೈರಾಸಿನಲ್ಲಿ, ಮೂವರ ಹಾಸುಬಟ್ಟೆಯಲ್ಲಿ, ಒಬ್ಬರ ಮಂಚದ ಕಂಬಿಯಲ್ಲಿ. ಆರ್‌ಎನ್‌ಎ ಸಿಕ್ಕಿತೆಂದರೆ ಅಲ್ಲಿ ಜೀವಂತ ವೈರಸ್ ಇತ್ತೆಂದು ಹೇಳಲಾಗದು. ಸತ್ತ ವೈರಸ್ಸಿನ ಚೂರೂ ಆ ಪರೀಕ್ಷೆಯಲ್ಲಿ ಕಾಣಿಸುತ್ತದೆ. ಆದರೂ ರೋಗಿಯ ಜೊಲ್ಲು ಎಲ್ಲೆಲ್ಲಿಗೆ ತಲುಪುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಆಸ್ಪತ್ರೆಯೇ ರೋಗ ಹಂಚಬಲ್ಲದು ಎಂಬ ಮಾತು ಹಳೆಯದು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಶವ ಕೊಯ್ದು ಬಂದ ಕೈಯನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಯದೆ ಯಾರೂ ಬಾಣಂತಿಯರನ್ನು ಮುಟ್ಟಬಾರದೆಂದು ಹಟ ಹಿಡಿದ. ಸಾವು ಕಡಿಮೆಯಾಯಿತು, ಸಹೋದ್ಯೋಗಿಗಳಿಗೆ ಮಾತ್ರ ಅದು ಅವಮಾನವೆನಿಸಿತು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಶುರುವಾದದ್ದು ಅದರ ಮರುವರ್ಷ, 1848ರಲ್ಲಿ. ಆ ಕ್ಲೋರಿನ್ ಸುಣ್ಣ ನಮಗೆ ಅಪರಿಚಿತವೇನಲ್ಲ, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅದೇ.

ನಮ್ಮ ದೇಶಕ್ಕೆ ಈ ಪಾಠ ಕಹಿಯಾಗಿ ಬಂದದ್ದು 2001ರಲ್ಲಿ, ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ. 66 ಮಂದಿಗೆ ವಿಚಿತ್ರ ಮಿದುಳುಜ್ವರ. ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿ, ರೋಗಿಗಳು, ಇಲ್ಲವೇ ನೋಡಲು ಬಂದವರು. ಅದು ನಿಫಾ ಎಂದು ಜಗತ್ತಿಗೆ ಖಚಿತವಾಗುವಾಗ 2006 ಬಂದಿತ್ತು.

2018ರ ಮೇ ತಿಂಗಳಲ್ಲಿ ಹಾಗಾಗಲಿಲ್ಲ. ಅದರಲ್ಲಿ ನಮ್ಮ ಮಣಿಪಾಲದ ಪಾಲಿದೆ. ಕೇರಳದ ಕೋಯಿಕ್ಕೋಡಿನ ಒಂದೇ ಮನೆಯಲ್ಲಿ ಒಬ್ಬ ತೀರಿಕೊಂಡು ಇನ್ನೊಬ್ಬ ಮಿದುಳುಜ್ವರದಿಂದ ಮಲಗಿದಾಗ, ಅಲ್ಲಿನ ವೈದ್ಯರು ಮಾದರಿಯನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ನಿಫಾ ಎಂದು ಗುರುತಿಸಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಅಷ್ಟರಲ್ಲಿ ಮೊದಲ ರೋಗಿಯಿಂದ ಆಸ್ಪತ್ರೆಗಳಲ್ಲಿ ಸೋಂಕು ಹರಡಿಯಾಗಿತ್ತು. ಪೇರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ಅವರ ಆರೈಕೆ ಮಾಡಿದ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ತನಿಖೆಯ ಲೆಕ್ಕದಲ್ಲಿ ಒಟ್ಟು 23 ರೋಗಿಗಳು, 21 ಸಾವು. ಈ 23ರಲ್ಲಿ 22 ಮಂದಿಗೆ ಸೋಂಕು ಬಂದದ್ದು ಮನುಷ್ಯರಿಂದ. ಆ ದಿನಗಳಲ್ಲಿ ನಾವು ಕರಾವಳಿಯವರು ಬಾವಲಿ ಕಚ್ಚಿದ ಮಾವಿನ ಹಣ್ಣಿನ ಬಗ್ಗೆಯೇ ಮಾತಾಡಿಕೊಂಡಿದ್ದೆವು.

ಎರಡು ವರ್ಷ ಕಳೆದು ಕೊರೊನಾ ಬಂದಾಗ ನಮ್ಮ ಹೆದರಿಕೆ ಮಗುಚಿಕೊಂಡಿತು. ಹಾಲಿನ ಪ್ಯಾಕೆಟ್ಟಿಗೂ ಸೋಪು ಹಚ್ಚಿದೆವು. ಪ್ರಯೋಗಾಲಯದಲ್ಲಿ ಆ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆಯವರೆಗೂ ಉಳಿದದ್ದು ನಿಜ. ಆದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ, ಹಾಗೆ ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಿಮೆ ಎಂದಿತು. ಅದರ ಮುಖ್ಯ ದಾರಿ ಗಾಳಿ. ಒಂದು ವೈರಸ್ಸಿನ ಪಾಠವನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಹಚ್ಚಿದರೆ ಹೀಗೆ.

ನಿಫಾ, ಕೊರೊನಾಗಳಿಗೆ ಮೇಲೊಂದು ಕೊಬ್ಬಿನ ಪೊರೆ ಇರುತ್ತದೆ. ಸೋಪು, ಸ್ಯಾನಿಟೈಸರ್ ಅದನ್ನು ಒಡೆಯುತ್ತವೆ. ವಾಂತಿಭೇದಿ ತರುವ ನೊರೊವೈರಸ್ಸಿಗೆ ಆ ಪೊರೆಯೇ ಇಲ್ಲ; ಸ್ಯಾನಿಟೈಸರಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ, ಬ್ಲೀಚ್ ಬೇಕು. ಬ್ಲೀಚಿಗೂ ಒಂದು ಕ್ರಮವಿದೆ. ರಕ್ತ, ವಾಂತಿ ಇದ್ದಲ್ಲಿ ನೇರ ಸುರಿದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಆ ಕೊಳೆಯ ಮೇಲೇ ಮುಗಿಯುತ್ತದೆ. ಮೊದಲು ಕೊಳೆ ತೆಗೆಯಬೇಕು, ಆಮೇಲೆ ದ್ರಾವಣ ಹಾಕಿ ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ನಿನ್ನೆ ಕಲಸಿಟ್ಟದ್ದು ಇವತ್ತಿಗೆ ಸಪ್ಪೆ. ಘಾಟು ಬಂತೆಂದು ನಂಬಿದರೆ ಆಗದು.

ಇದನ್ನೆಲ್ಲ ನರ್ಸುಗಳಿಗೆ ಕಲಿಸುತ್ತಾರೆ, ಗುಡಿಸಿ ಒರೆಸುವವರಿಗೆ ಅಷ್ಟಿಷ್ಟು ಹೇಳಿಕೊಡುತ್ತಾರೆ. ರೋಗಿಯನ್ನು ಅತಿ ಹೆಚ್ಚು ಹೊತ್ತು ಮುಟ್ಟುವವರು ಮಾತ್ರ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ತಾಯಿ, ಹೆಂಡತಿ, ತಮ್ಮ. ನಾನು ಹಾಗೆ ನಿಂತಿದ್ದ ನಾಲ್ಕು ದಿನಗಳಲ್ಲಿ ಬಿಲ್ಲಿನ ಬಗ್ಗೆ ಮೂರು ಸಲ ಕರೆದು ಹೇಳಿದರು, ಕೈ ತೊಳೆಯುವ ಬಗ್ಗೆ ಒಮ್ಮೆಯೂ ಇಲ್ಲ. ಡಿಸ್ಚಾರ್ಜ್ ದಿನ ಪಕ್ಕದ ಮಂಚದ ಕಾಸರಗೋಡಿನ ಹೆಂಗಸು ಕಂಬಿಯಿಂದ ಬೈರಾಸು ಎಳೆದು, ಮೊಮ್ಮಗನ ಮುಖ ಒರೆಸಿ, ಮಡಚಿ ಚೀಲಕ್ಕೆ ತುರುಕಿ ಬಸ್ಸಿಗೆ ಹೊರಟಳು.